ಹತ್ತನೆಯ ಗೆರೆ

"ಅವನ ಕೈಯಾಗ ಕೂಸು ಕೊಡಬ್ಯಾಡ್ರಿ. ಬಾಯಿ ನಾರತೈತಿ."

ನಮ್ಮ ಅಪ್ಪನ ಒಡಹುಟ್ಟಿದ ಬಸಲಿಂಗವ್ವತ್ತಿ ಇದನ್ನು ಕಿವಿಯಲ್ಲಿ ಹೇಳಲಿಲ್ಲ. ಮಗಳು ಶಕ್ಕವ್ವನ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ, ಓಣಿಯ ಮೂವತ್ತು ಮಂದಿ ಹೆಂಗಸರು ಕೂತಲ್ಲಿ, ಗುಗ್ಗರಿ ಹಂಚುತ್ತಿದ್ದ ಕೈಯನ್ನು ಅಷ್ಟಕ್ಕೇ ನಿಲ್ಲಿಸಿ ಹೇಳಿದಳು. ನಾನು ಕೂಸಿಗೆಂದು ಎರಡೂ ಕೈ ಚಾಚಿದ್ದೆ. ಕೈ ಹಾಗೇ ಗಾಳಿಯಲ್ಲಿ ಉಳಿದವು.

"ಹೋಗಲಿ ಬಿಡ ಬಸಲಿಂಗವ್ವ, ಒಂದ ಮನಿಯಾಗ ಬೆಳದಾನ," ಅಂತ ಒಬ್ಬ ಮುದುಕಿ ಅಂದಳು.

ಅಷ್ಟಕ್ಕೆ ಅತ್ತಿಯ ಸಿಟ್ಟು ಇಳಿಯಲಿಲ್ಲ. "ಹಡದಾಕಿ ಮೂರ ತಿಂಗಳಿಗೆ ಬಿಟ್ಟು ಓಡಿ ಹೋದ್ಲು. ಎದಿಹಾಲು ಕಾಣದ ಹಲ್ಲು ಅವು. ಕೊಳೀದ ಏನ್ ಮುತ್ತ ಆಗತಾವ?"

ನಕ್ಕರು. ಎಲ್ಲರೂ ಅಲ್ಲ, ಹತ್ತು ಹನ್ನೆರಡು ಮಂದಿ. ನಕ್ಕ ಬಾಯಿಗಳೆಲ್ಲ ನನಗೆ ನೆನಪಿವೆ. ಯಾರಿಗೆ ಯಾವ ಹಲ್ಲಿಲ್ಲ, ಯಾರದು ಕಟ್ಟಿಸಿದ ಹಲ್ಲು, ಯಾರ ಒಸಡಿನಲ್ಲಿ ರಕ್ತ ಸೋರುತ್ತದೆ, ಒಂದು ನೋಟಕ್ಕೆ ಹೇಳಬಲ್ಲೆ. ಅದೇ ನನ್ನ ಹೊಟ್ಟೆಪಾಡು.

ನಾನು ಫಕೀರೇಶ. ಬೆಟಗೇರಿಯ ನೇಕಾರರ ಓಣಿಯವನು. ಅಪ್ಪ ಸತ್ತ ವರ್ಷ ಏಳನೇ ಇಯತ್ತೆ ಬಿಟ್ಟು, ಅಪ್ಪ, ಅತ್ತಿ ಕೂಡಿ ಇದ್ದ ಮನೆಯ ಮಗ್ಗಕ್ಕೆ ಕೂತೆ. ಹತ್ತೊಂಬತ್ತಕ್ಕೆ ಮಗ್ಗ ಬಿಟ್ಟು ಹುಬ್ಬಳ್ಳಿಯ ಒಂದು ಹಲ್ಲಿನ ದವಾಖಾನೆ ಸೇರಿದೆ. ದಿನಾ ಬೆಳಗಿನ ರೈಲು. ನೆಲಮಾಳಿಗೆಯಲ್ಲಿ ನಮ್ಮ ಕೆಲಸ. ಮೇಲೆ ಡಾಕ್ಟರರು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ನಾನು ಅದಕ್ಕೆ ಪ್ಲಾಸ್ಟರ್ ಹೊಯ್ದು ಅಚ್ಚು ತೆಗೆದು ಹಲ್ಲಿನ ಸೆಟ್ ಕೂರಿಸಿ ಉಜ್ಜಿ ಹೊಳಪು ಕೊಡುತ್ತೇನೆ. ಬಾಯಿಯ ಯಜಮಾನ ಯಾರೋ ಗೊತ್ತಿಲ್ಲ. ಆದರೆ ಅಚ್ಚು ನೋಡಿದರೆ ಸಾಕು, ಈತ ಒಂದೇ ಬದಿಗೆ ಅಗಿಯುತ್ತಾನೆ, ಈಕೆ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆ, ಇವರು ಇದ್ದಿಲು ಪುಡಿಯಿಂದ ತಿಕ್ಕಿ ತಿಕ್ಕಿ ಹಲ್ಲಿನ ಮೇಲ್ಪದರವನ್ನೇ ಸವೆಸಿದ್ದಾರೆ ಅಂತ ತಿಳಿಯುತ್ತದೆ.

ಇಷ್ಟೆಲ್ಲ ತಿಳಿದವನ ಬಾಯಿ ಹೇಗಿತ್ತು ಅಂತ ಕೇಳುತ್ತೀರಾ? ಅತ್ತಿ ಹೇಳಿದ್ದು ಸುಳ್ಳಲ್ಲ. ನಾರುತ್ತಿತ್ತು. ಹದಿನಾಲ್ಕರಿಂದ ಎಡಗಲ್ಲದ ಒಳಗೆ ಗುಟ್ಕಾ ಒತ್ತಿ ಇಟ್ಟುಕೊಂಡೇ ಮಗ್ಗ ತುಳಿದವನು ನಾನು. ಹೊಟ್ಟೆ ಹಸಿವು ಗೊತ್ತಾಗಬಾರದು, ಕಾಲು ನೋವು ಗೊತ್ತಾಗಬಾರದು. ದವಾಖಾನೆಯ ಗೋಡೆಗೆ ಒಂದು ಹಾಳೆ ಅಂಟಿಸಿದ್ದಾರೆ: ದಿನಕ್ಕೆ ಎರಡು ಹೊತ್ತು ಹಲ್ಲು ತಿಕ್ಕಿರಿ, ಸಿಹಿ ತಿಂದಮೇಲೆ ಬಾಯಿ ಮುಕ್ಕಳಿಸಿರಿ, ಆರು ತಿಂಗಳಿಗೊಮ್ಮೆ ತೋರಿಸಿರಿ. ಅದರಲ್ಲಿ ಬಿಳಿ ಬಿಳಿ ಹಲ್ಲಿನ ಒಬ್ಬ ತಾಯಿ ಮಗುವಿಗೆ ಬ್ರಶ್ ಹಿಡಿಯುವುದನ್ನು ಕಲಿಸುತ್ತಾಳೆ. ಆ ಚಿತ್ರ ಕಂಡರೆ ನನಗೆ ಮೈ ಉರಿಯುತ್ತಿತ್ತು. ಕಲಿಸುವವರು ಇದ್ದ ಮನೆಯ ಹಾಳೆ ಅದು.

ಆರನೇ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ನಾಲ್ಕು ದವಡೆ ಹಲ್ಲು ಬರುತ್ತವೆ. ಅವು ಕೊನೆಯತನಕ ಇರಬೇಕಾದವು. ನಮ್ಮ ಮನೆಗಳಲ್ಲಿ ಅವನ್ನೂ ಹಾಲುಹಲ್ಲೇ ಅಂದುಕೊಳ್ಳುತ್ತಾರೆ. ನನಗೆ ನೋವು ಬಂದಾಗಲೆಲ್ಲ ಅತ್ತಿ, "ಬೀಳೂ ಹಲ್ಲು, ಕಿತ್ತು ಒಗಿ, ಮತ್ತ ಬರತೈತಿ," ಅಂದಳು. ಹಾಗೆ ಮೂರು ಹೋದವು. ಒಂದೂ ಮತ್ತೆ ಬರಲಿಲ್ಲ. ಉಳಿದದ್ದು ಎಡಗಡೆ ಕೆಳಗಿನದು ಒಂದೇ.

ಆ ಒಂದರ ಕಥೆ ಇದು.

*

ತೊಟ್ಟಿಲ ಕಾರ್ಯ ಆಗುವ ಮೂರು ತಿಂಗಳ ಮುಂಚೆ ನಮ್ಮ ನೆಲಮಾಳಿಗೆಗೆ ಒಂದು ಮಷೀನು ಬಂದಿತ್ತು. ಕಪಾಟಿನಷ್ಟು ಎತ್ತರ. ಅದಕ್ಕೊಂದು ಉದ್ದ ಹೆಸರಿದೆ, ಜನ ಮಾತ್ರ ಅದನ್ನು ಹಲ್ಲು ಓದೋ ಮಷೀನು ಅಂದರು, ಅದೇ ಉಳಿಯಿತು. ನಡೆಸುವವನು ಕಿಲ್ಲೇದಾರ. ನನಗಿಂತ ನಾಲ್ಕು ವರ್ಷ ದೊಡ್ಡವನು, ಬಹಳ ಓದಿದವನು, ಆದರೂ ನನ್ನ ಜೊತೆ ಕೂತು ಮಿರ್ಚಿ ತಿನ್ನುವವನು.

"ಹಲ್ಲು ಒಮ್ಮೆಲೇ ಬೆಳೆಯೂದಿಲ್ಲೋ ಫಕೀರ್ಯಾ," ಅಂತ ಅವನು ಮೊದಲ ದಿನ ಹೇಳಿದ್ದ. "ದಿನಕ್ಕ ಒಂದ ಗೆರಿ. ನಿಮ್ಮ ಮಗ್ಗದಾಗ ಎಳಿ ಪಕ್ಕ ಎಳಿ ಕುಂತಂಗ. ಒಮ್ಮೆ ಕುಂತಿದ್ದು ಸಾಯೂತನ ಅಳಸೂದಿಲ್ಲ."

ಹಲ್ಲನ್ನು ಕಾಗದದಷ್ಟು ತೆಳ್ಳಗೆ ಕೊಯ್ದು ಒಳಗಿಟ್ಟರೆ ಮಷೀನಿನ ಬೆಳಕು ಗೆರೆಗೆರೆಯನ್ನೂ ಕೆರೆದು ಆವಿ ಮಾಡಿ, ಆ ಆವಿಯಲ್ಲಿ ಏನಿದೆ ಅಂತ ಹೇಳುತ್ತದೆ. ಹುಟ್ಟಿದ ದಿನ ಒಂದು ದಪ್ಪ ಗೆರೆ. ಜ್ವರ ಬಂದರೆ, ಉಪವಾಸ ಬಿದ್ದರೆ, ಅತ್ತು ಅತ್ತು ಸೋತರೆ ಕಪ್ಪು ಗೆರೆ. ತಾಯಿಯ ಮೈಯಿಂದ ಹಾಲಿಗೆ, ಹಾಲಿನಿಂದ ಕೂಸಿನ ಹಲ್ಲಿಗೆ ಬೇರಿಯಂ ಅನ್ನುವ ಲೋಹ ಒಂದಿಷ್ಟು ಇಳಿದು ಬರುತ್ತದಂತೆ. ಎದೆಹಾಲು ಕುಡಿದ ದಿನದ ಗೆರೆಗೆ ಒಂದು ಗುರುತು, ಆಕಳ ಹಾಲಿಗೆ ಇನ್ನೊಂದು, ಡಬ್ಬಿಹಾಲಿಗೆ ಮತ್ತೊಂದು. ತಾಯಿ ಯಾವ ನೆಲದ ನೀರು ಕುಡಿದಳು ಅನ್ನುವುದೂ ಸಿಗುತ್ತದೆ.

ಇಂಥದೊಂದು ಮಷೀನು ಬಂದರೆ ಜನ ಸುಮ್ಮನಿರುತ್ತಾರೆಯೇ? ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿ ಸುತ್ತಿ ಮನೆಯ ಹಂಚಿನ ಮೇಲೆ ಎಸೆಯುವುದು ನಮ್ಮ ಕಡೆಯ ರೂಢಿ. ಈಗ ಮುದುಕರೆಲ್ಲ ಏಣಿ ಹಾಕಿ ಹಂಚಿನ ಸಂದಿಯಲ್ಲಿ ಒಣ ಸಗಣಿಯ ಉಂಡೆ ಹುಡುಕತೊಡಗಿದರು. ಹೆಣ್ಣು ನೋಡಲು ಬಂದವರು ಜಾತಕದ ಜೊತೆ ಹಲ್ಲಿನ ಕಾಗದ ಕೇಳಿದರು. ಹಸಿವಿನ ಗೆರೆ ಜಾಸ್ತಿ ಇದ್ದ ಹುಡುಗಿಯರು ಮನೆಯಲ್ಲೇ ಉಳಿದರು. ಬಡವನಾಗಿ ಹುಟ್ಟಿದ್ದನ್ನು ಮಾತಿನಲ್ಲಿ ಮುಚ್ಚಬಹುದಿತ್ತು. ಈ ಹಾಳು ಮಷೀನು ಅದನ್ನೂ ಕಸಿಯಿತು. ಅದರ ತಂತಿ ಕಿತ್ತುಹಾಕಬೇಕು ಅನ್ನಿಸಿತ್ತು ನನಗೆ, ಎಷ್ಟೋ ಸಲ.

ತೊಟ್ಟಿಲ ಕಾರ್ಯದ ಮರುದಿನ ಮಾತ್ರ ಅದರ ಮುಂದೆ ನಿಂತು ಬಹಳ ಹೊತ್ತು ನೋಡಿದೆ.

ನನ್ನ ಅವ್ವನ ಹೆಸರು ಕಸ್ತೂರಿ. ಅವಳದು ಒಂದು ಫೋಟೋ ಇಲ್ಲ, ಒಂದು ಸೀರೆ ಇಲ್ಲ. ಕೇಳಿದಾಗಲೆಲ್ಲ ಮನೆಯಲ್ಲಿ ಒಂದೇ ಮಾತು: ಮೂರು ತಿಂಗಳಿಗೆ ಬಿಟ್ಟು ಹೋದಳು. ಇದ್ದಾಳೋ ಸತ್ತಾಳೋ ಯಾರಿಗೂ ಗೊತ್ತಿಲ್ಲ. ಸಣ್ಣವನಿದ್ದಾಗ ಅವಳ ಮೇಲೆ ಸಿಟ್ಟಿತ್ತು. ಆಮೇಲೆ ಎಲ್ಲರ ಮೇಲೂ ಬಂತು. ಸಿಟ್ಟಿನ ತಳದಲ್ಲಿ ಇದ್ದದ್ದು ಒಂದೇ ಪ್ರಶ್ನೆ. ನನ್ನನ್ನು ಕೆಳಗಿಳಿಸುವಾಗ ಅವಳಿಗೆ ಏನೂ ಅನ್ನಿಸಲಿಲ್ಲವೇ?

"ನಂದು ಓದ್ತೀಯೇನೋ?" ಅಂತ ಕಿಲ್ಲೇದಾರನನ್ನು ಕೇಳಿದೆ.

"ಹಾಲುಹಲ್ಲು ಸಿಗದಿದ್ರ, ಹುಟ್ಟಿದ ದಿನದಿಂದ ಓದಾಕ ಆರನೇ ವರ್ಷದ ದವಡಿ ಹಲ್ಲ ಬೇಕು. ಬಾಯಿಗೆ ಬರೂದು ಆರಕ್ಕ, ಆದ್ರ ಒಸಡಿನ ಒಳಗ ಕಟ್ಟಾಕ ಹತ್ತೂದು ಹುಟ್ಟಿದ ದಿನದಿಂದ. ಉಳಿದ ಹಲ್ಲೆಲ್ಲ ಮೂರು ನಾಲ್ಕು ತಿಂಗಳ ಮ್ಯಾಲೆ ಸುರು."

"ಒಂದ ಐತಿ."

"ಹಂಗಾರ ಮ್ಯಾಲೆ ಹೋಗು. ಅಣ್ವೇಕರ ಮೇಡಂ ಒಪ್ಪಬೇಕು."

*

ಡಾಕ್ಟರ್ ಸುನೀತಾ ಅಣ್ವೇಕರ ಸುತ್ತುಬಳಸಿ ಮಾತಾಡುವವರಲ್ಲ. ದೀಪ ಎಳೆದು ಬಾಯಿಗೆ ಹಿಡಿದರು, ಸಣ್ಣ ಕನ್ನಡಿ ಇಟ್ಟರು, ಚೂಪು ಸಲಾಕೆಯಿಂದ ತಟ್ಟಿದರು. ಬೆಂಕಿ ಮುಟ್ಟಿದ ಹಾಗಾಯಿತು.

"ಎಷ್ಟ ದಿನದಿಂದ ನೋವು?"

"ವರ್ಷದ ಮ್ಯಾಲಾತ್ರಿ."

"ಏನ್ ಮಾಡಿದಿ?"

"ಲವಂಗ ಇಟ್ಟೆ."

"ಲವಂಗ ನೋವು ಮರಸತದ, ಹುಳುಕು ನಿಲ್ಲಸೂದಿಲ್ಲ. ನೀ ನಮ್ಮಲ್ಲೇ ಕೆಲಸ ಮಾಡಾವ!" ಅವರ ಧ್ವನಿ ಏರಿತು. "ಗುಟ್ಕಾ ಇಡೂ ಜಾಗ ನೋಡು, ಹಲ್ಲಿನ ಬುಡದಾಗ ಗುಹಿ ಆಗ್ಯದ. ಆದ್ರೂ ಬೇರು ಗಟ್ಟಿ ಅವ. ರೂಟ್ ಕೆನಾಲ್ ಮಾಡೋಣ. ಮೂರು ಸಲ ಬಾ. ಮ್ಯಾಲೆ ಕ್ಯಾಪ್ ಕೂಡಸೋಣ, ನಿನ್ನ ಕ್ಯಾಪ್ ನೀನೇ ಮಾಡ್ಕೊ. ಇನ್ನೂ ಮೂವತ್ತ ವರ್ಷ ಬರತದ."

"ಕೀಳ್ರಿ ಮೇಡಂ."

ಕಾರಣ ಹೇಳಿದೆ. ಅವರು ಕೈಗವಸು ಬಿಚ್ಚಿ ಮೇಜಿನ ಮೇಲೆ ಇಟ್ಟರು. "ಉಳಿಯೂ ಹಲ್ಲು ನಾ ಕೀಳೂದಿಲ್ಲ. ಆ ನಾಲ್ಕರಾಗ ಉಳಿದದ್ದು ಇದೊಂದ. ಅಗಿಯೂದು ಯಾವುದರಿಂದ?"

"ಇಪ್ಪತ್ತಮೂರ ವರ್ಷ ಇದೊಂದ ಮಾತು ಅಗದೀನ್ರಿ. ಇನ್ನ ಸಾಕು. ನೀವು ಕೀಳದಿದ್ರ ಕೆಳಗ ನನ್ನ ಹತ್ರ ಇಕ್ಕಳ ಐತಿ."

ಅವರು ನನ್ನ ಮುಖ ನೋಡಿದರು. ನಾನು ಆಟಕ್ಕೆ ಹೇಳುವವನಲ್ಲ ಅಂತ ಗೊತ್ತಿತ್ತು. ಸೂಜಿ ಚುಚ್ಚುವ ಮುಂಚೆ ಒಂದೇ ಮಾತು ಹೇಳಿದರು: "ಫಕೀರೇಶ, ಆ ಗುಹಿ ಬರೇ ಹಲ್ಲು ತಿಂದಿಲ್ಲ. ಅಲ್ಲಿದ್ದ ಗೆರಿನೂ ತಿಂದದ. ಅದ ನೆನಪಿಟ್ಕೊ."

ಆಗ ನನಗೆ ಆ ಮಾತು ತಲೆಗೆ ಹೋಗಲಿಲ್ಲ.

*

ಎರಡು ದಿನ ಬಿಟ್ಟು ಕಿಲ್ಲೇದಾರ ಕಾಗದ ಕೊಟ್ಟ. ಕೊಡುವಾಗ ನಗುತ್ತಿದ್ದ.

"ನಿಮ್ಮತ್ತಿಗೆ ಹೋಗಿ ಹೇಳು. ಹದಿನಾಲ್ಕ ತಿಂಗಳು! ಹುಟ್ಟಿದ ದಿನದಿಂದ ಹದಿನಾಲ್ಕ ತಿಂಗಳ ತನಕ ಎದಿಹಾಲು ಐತಿ. ಮೂರಲ್ಲ."

ನಾನು ಸ್ಟೂಲಿನ ಮೇಲೆ ಕೂತೆ. ಹಲ್ಲು ಹೋದ ಗುಂಡಿ ಇನ್ನೂ ಮಿಡಿಯುತ್ತಿತ್ತು. ನಾಲಿಗೆ ತಾನೇ ಅಲ್ಲಿಗೆ ಹೋಗುತ್ತಿತ್ತು.

"ಆಮ್ಯಾಲೆ?"

"ಆಮ್ಯಾಲಿಂದು ಇಲ್ಲ." ಅವನ ನಗು ಇಳಿಯಿತು. "ದವಡಿ ಹಲ್ಲು ತುದಿಯಿಂದ ಬುಡಕ್ಕ ಬೆಳೀತೈತಿ. ಮೊದಲಿನ ತಿಂಗಳು ಮ್ಯಾಲೆ, ಆಮ್ಯಾಲಿನವು ಬುಡದಾಗ. ನಿನ್ನ ಗುಟ್ಕಾ ಇದ್ದದ್ದು ಬುಡಕ್ಕ. ಹುಳುಕು ಸುತ್ತೂಕಡಿ ತಿಂದೈತಿ."

ಯಾರನ್ನು ಬೈಯಲಿ? ನನ್ನ ಅವ್ವ ಗೆರೆ ಗೆರೆಯಾಗಿ ಇಟ್ಟುಹೋದದ್ದನ್ನು ನಾನೇ ದಿನಕ್ಕೆ ಎಂಟು ಪೊಟ್ಟಣ ಒತ್ತಿ ಒತ್ತಿ ಕರಗಿಸಿದ್ದೆ. ಗೋಡೆಯ ಹಾಳೆಯ ಮೇಲಿದ್ದದ್ದು ಬರೀ ಉಪದೇಶ ಅಂದುಕೊಂಡಿದ್ದೆ.

"ಚಿತ್ರ ತೋರ್ಸು," ಅಂದೆ.

"ಕಾಗದದಾಗ ಎಲ್ಲಾ ಐತಲ್ಲೋ."

"ಕಾಗದ ಮಷೀನು ಬರದದ್ದು. ನನಗ ಗೆರಿ ತೋರ್ಸು."

ಪರದೆಯ ಮೇಲೆ ನನ್ನ ಹಲ್ಲು ತೆರೆದುಕೊಂಡಿತು. ನಸುಬಿಳಿ, ತಿಳಿ ಕಂದು, ಒಂದರ ಪಕ್ಕ ಒಂದು ಸಣ್ಣ ಸಣ್ಣ ಗೆರೆ. ನಾನು ಬೆಳೆದದ್ದು ಮಗ್ಗದ ಮನೆಯಲ್ಲಿ. ಸೀರೆ ಇಳಿಸಿದಮೇಲೆ ಮಸೂರ ಹಿಡಿದು ಬೆರಳಗಲದಲ್ಲಿ ಎಷ್ಟು ಎಳೆ ಅಂತ ಎಣಿಸಬೇಕು; ಎಲ್ಲಿ ಎಳೆ ತಪ್ಪಿದೆ ಅಂತ ಸೀರೆ ಕೊಳ್ಳುವ ಸೇಟು ಕಂಡುಹಿಡಿಯುವ ಮುಂಚೆ ನಾವು ಕಂಡುಹಿಡಿಯಬೇಕು. ಎಳೆ ತಪ್ಪಿದ ಜಾಗ ಕಣ್ಣಿಗೆ ಕಾಣುವುದಕ್ಕೂ ಮೊದಲು ಮೈಗೆ ಗೊತ್ತಾಗುತ್ತದೆ.

"ನಿಲ್ಲಸು. ಇಲ್ಲಿ ಏನೋ ತಪ್ಪೈತಿ."

ಕಿಲ್ಲೇದಾರ ಬಗ್ಗಿ ನೋಡಿದ. "ಅಷ್ಟ ಸಣ್ಣ ಏರಿಳಿತ ಮಷೀನು ಲೆಕ್ಕಕ್ಕ ತಗೊಳ್ಳೂದಿಲ್ಲ. ಆಚೆ ಈಚೆ ಸೇರಿಸಿ ಸಮಾ ಮಾಡಿ ಬಿಡತೈತಿ."

"ನೀ ಸಮಾ ಮಾಡಬ್ಯಾಡ. ಹಂಗ ಓದು."

ಗೆರೆ ಗೆರೆಯಾಗಿ ಮತ್ತೆ ಓದಿಸಿದ. ಮಧ್ಯಾಹ್ನವಿಡೀ ಹಿಡಿಯಿತು. ಹುಟ್ಟಿದ ಗೆರೆಯಿಂದ ತೊಂಬತ್ತನಾಲ್ಕನೆಯ ದಿನ, ಅಂದರೆ ಸರಿಯಾಗಿ ಮೂರು ತಿಂಗಳು ದಾಟಿದ ಮೇಲೆ, ಎದೆಹಾಲಿನ ಗುರುತು ಕತ್ತರಿಸಿದ ಹಾಗೆ ನಿಂತಿತ್ತು. ಆಕಳ ಹಾಲು. ಮರುದಿನವೂ ಆಕಳ ಹಾಲು. ಮೂರನೆಯ ದಿನ ಕಪ್ಪು ಗೆರೆ. ನಾಲ್ಕನೆಯ ದಿನ ಇನ್ನೂ ಕಪ್ಪು. ಐದು, ಆರು, ಏಳು. ಎಂಟನೆಯದು ಎಷ್ಟು ಕಪ್ಪಿತ್ತೆಂದರೆ ಕಿಲ್ಲೇದಾರ, "ಸಾಯೂ ಹಂಗ ಅಳತಿದ್ದಿ ನೀ," ಅಂದ. ಒಂಬತ್ತು.

ಹತ್ತನೆಯ ಗೆರೆಯಲ್ಲಿ ಹಾಲು ಬಂದಿತ್ತು. ಎದೆಹಾಲು.

ಅಂದರೆ ಅತ್ತಿ ಪೂರಾ ಸುಳ್ಳು ಹೇಳಿರಲಿಲ್ಲ. ಅವ್ವ ಮೂರು ತಿಂಗಳಿಗೆ ಹೋಗಿದ್ದಳು. ಹತ್ತನೆಯ ದಿನಕ್ಕೆ ತಿರುಗಿ ಬಂದಿದ್ದಳು.

"ಇನ್ನೊಂದ ನೋಡು," ಅಂದ ಕಿಲ್ಲೇದಾರ, ಮೆಲ್ಲಗೆ. "ಹತ್ತನೇ ಗೆರಿಯಿಂದ ನೀರು ಬ್ಯಾರೆ. ಮೊದಲು ನಿಮ್ಮ ಮನಿ ನೀರು. ಆಮ್ಯಾಲಿಂದು ಬ್ಯಾರೆ ಯಾವುದೋ ಬಾವಿ. ನಿಮ್ಮವ್ವ ನಿಮ್ಮ ಮನಿಯಾಗ ಇರ್ಲಿಲ್ಲ ಫಕೀರ್ಯಾ. ಎಲ್ಲೋ ಇದ್ದು, ದಿನಾ ಬಂದು ಕುಡಿಸಿ ಹೋಗ್ಯಾಳ. ಒಂದ ದಿನಾನೂ ತಪ್ಪಿಲ್ಲ."

ಒಂದು ದಿನವೂ ತಪ್ಪಿಲ್ಲ. ಆ ಗೆರೆಗಳನ್ನು ನಾನೇ ಎಣಿಸಿದೆ. ಮುನ್ನೂರ ಹದಿನೆಂಟು. ಅಲ್ಲಿಂದಾಚೆಗೆ ಪರದೆಯ ಮೇಲೆ ಹುಳುಕಿನ ಗುಹೆ, ಕರಿ ಅಂಚು, ಖಾಲಿ. ಪರದೆಯ ಗಾಜಿನ ಮೇಲೆ ಬೆರಳಿಟ್ಟು ಆ ಅಂಚನ್ನು ಮುಟ್ಟಿದೆ. ಬೆಚ್ಚಗಿತ್ತು. ಮಷೀನಿನ ಬಿಸಿ ಅಷ್ಟೇ, ಗೊತ್ತು. ಆದರೂ ಬೆರಳು ತೆಗೆಯಲಾಗಲಿಲ್ಲ.

"ಉಳಿದದ್ದೂ ಸಿಗತೈತಿ," ಅಂದ ಅವನು. "ಕೋರೆಹಲ್ಲು ನಾಲ್ಕೈದು ತಿಂಗಳಿಗೆ ಸುರುವಾಗಿ ಆರೇಳು ವರ್ಷದ ತನ ಕಟ್ಟತೈತಿ. ನಿನ್ನ ಕೋರೆಹಲ್ಲಿಗೆ ಇನ್ನೂ ಹುಳುಕು ಹತ್ತಿಲ್ಲ. ಆಕಿ ಎಂದು ಬರೂದು ಬಿಟ್ಲು ಅನ್ನೂದು ಅದರಾಗ ಇರತೈತಿ. ಕೀಳಸ್ತೀಯಾ?"

"ತಡಿ," ಅಂದೆ. "ಅತ್ತಿನ್ನ ಕೇಳಿ ಬರತೀನಿ."

ಆ ಸಂಜೆ ರೈಲ್ವೆ ಸ್ಟೇಷನ್ನಿನ ಮುಂದಿನ ಅಂಗಡಿಯಲ್ಲಿ ಕೈ ತಾನಾಗಿ ಗುಟ್ಕಾದ ಸರದ ಕಡೆ ಹೋಯಿತು. ಹಿಂದಕ್ಕೆಳೆದುಕೊಂಡೆ. ಒಂದು ಬ್ರಶ್ ಕೊಂಡೆ. ಮೆತ್ತಗಿನ ಕೂದಲಿನದು ಕೊಡು ಅಂದಾಗ ಅಂಗಡಿಯವನು, "ಕೂಸಿಗೇನ್ರಿ?" ಅಂದ. ನಾನು ಹೂಂ ಅಂದೆ.

*

ಭಾನುವಾರ ಅತ್ತಿಯ ಮನೆಗೆ ಹೋದೆ. ಶಕ್ಕವ್ವ ನೀರು ತರಲು ಹೋಗಿದ್ದಳು. ಹಲ್ಲು ಓದುವ ಕಾಲ ಬಂದರೂ ನಮ್ಮ ಓಣಿಗೆ ನೀರು ಎಂಟು ದಿನಕ್ಕೊಮ್ಮೆಯೇ. ಅತ್ತಿ ತೊಟ್ಟಿಲ ಹಗ್ಗ ಹಿಡಿದು ತೂಗುತ್ತ ಕೂತಿದ್ದಳು. ಕೂಸು ಬಾಯಿ ಅರ್ಧ ತೆರೆದು ಮಲಗಿತ್ತು, ತುಟಿಯ ಮೂಲೆಯಲ್ಲಿ ಒಂದು ಹನಿ ಹಾಲು.

"ಗಲ್ಲ ಯಾಕ ಬಾತೈತಿ?" ಅಂದಳು ಅತ್ತಿ.

"ಹಲ್ಲ ಕೀಳಸಿದೆ. ಮಷೀನಿಗೆ ಕೊಟ್ಟೆ."

ತೊಟ್ಟಿಲು ನಿಂತಿತು.

"ಹತ್ತನೇ ದಿನ ಅವ್ವ ತಿರುಗಿ ಬಂದಿದ್ಲಲ್ಲ, ಅತ್ತಿ?"

ಅವಳು ಸೆರಗು ಸರಿಮಾಡಿಕೊಂಡಳು. ಸರಿಯಾಗೇ ಇತ್ತು, ಮತ್ತೆ ಮಾಡಿದಳು. ಕಿಲ್ಲೇದಾರ ಗೆರೆಗಳ ಚಿತ್ರ ತೆಗೆದುಕೊಟ್ಟಿದ್ದ ಕಾಗದವನ್ನು ನಾನು ಅವಳ ಮುಂದೆ ಬಿಡಿಸಿ ಹಿಡಿದೆ. ಅವಳಿಗೆ ಓದಲು ಬಾರದು. ಆದರೆ ಅವಳೂ ನೇಕಾರಳು. ಎರಡು ಮಸುಕು ಎಳೆ, ಏಳು ಕಪ್ಪು, ಆಮೇಲೆ ಬಿಳಿ. ಅವಳ ಬೆರಳು ಹತ್ತನೆಯದರ ಮೇಲೆ ತಾನೇ ಹೋಗಿ ನಿಂತಿತು.

"ನಿಮ್ಮಪ್ಪ ಬಡದು ಹೊರಗ ಹಾಕಿದ," ಅಂದಳು. ಓಣಿಯ ಮುಂದೆ ಏರಿದ್ದ ಆ ಧ್ವನಿ ಇದಲ್ಲ. "ಕೂಸು ಕೊಡೂದಿಲ್ಲಂದ. ಆಕಿ ಹತ್ತಿ ಬೀಜ ಬಿಡಸೂ ಜಿನ್ನಿನಾಗ ಕೂಲಿಗೆ ಸೇರಿದ್ಲು, ಅಲ್ಲೇ ತಗಡಿನ ಶೆಡ್ಡಿನಾಗ ಇದ್ಲು. ನಿನಗ ಆಕಳ ಹಾಲು ಒಗ್ಗಲಿಲ್ಲ, ವಾಂತಿ ಮಾಡ್ಕೊಂಡಿ. ಒಂಬತ್ತ ದಿನಕ್ಕ ಕಡ್ಡಿ ಆಗಿದ್ದಿ. ಸಾಯತೀ ಅಂತ ನಾನ ಹೋಗಿ ಕರದೆ. ಮಧ್ಯಾಹ್ನ ನಿಮ್ಮಪ್ಪ ಉಂಡು ಮಲಗತಿದ್ದ. ಹಿತ್ತಲ ಬಾಗಲದ ಅಗಳಿ ನಾ ತಗೀತಿದ್ದೆ. ಹೊಸ್ತಲದ ಮ್ಯಾಲೆ ಕುಂತು ಕುಡಸತಿದ್ಲು. ಒಳಗ ಕಾಲ ಇಡತಿರ್ಲಿಲ್ಲ. ಮೈತುಂಬ ಹತ್ತಿ ನಾರು ಹತ್ತಿರತಿತ್ತು, ಕೂಸಿನ ಮೂಗಿಗೆ ಹೋದೀತಂತ ಮದ್ಲ ಕೊಡವಿಕೊಂಡು ಆಮ್ಯಾಲೆ ಎತ್ಕೊಳತಿದ್ಲು."

ಇಪ್ಪತ್ತಮೂರು ವರ್ಷದಲ್ಲಿ ನನ್ನ ಅವ್ವ ಮೊದಲ ಸಲ ನನ್ನ ಕಣ್ಣ ಮುಂದೆ ಒಂದು ಕೆಲಸ ಮಾಡಿದಳು: ಮೈಮೇಲಿನ ಹತ್ತಿ ಕೊಡವಿಕೊಂಡಳು.

"ಆಮ್ಯಾಲೆ?"

ಅತ್ತಿ ಬಾಯಿ ತೆರೆದಳು. ಕೆಳಗಿನ ಸಾಲಿನಲ್ಲಿ ಎರಡೇ ಹಲ್ಲು. ಅವಳ ಕಣ್ಣು ಕಾಗದದ ಮೇಲೆ ಓಡಾಡಿತು, ಬಿಳಿ ಎಳೆಗಳು ಎಲ್ಲಿ ಮುಗಿಯುತ್ತವೆ ಅಂತ ಹುಡುಕಿತು. ಅಲ್ಲಿ ನನ್ನ ಹೆಬ್ಬೆರಳು ಇತ್ತು.

"ಆ ಮಷೀನು," ಅಂದಳು, "ಎಲ್ಲೀತನ ಹೇಳೈತೋ ತಮ್ಮಾ?"

ಹುಟ್ಟಿದಾಗಿನಿಂದ ಅವಳು ನನ್ನನ್ನು ತಮ್ಮಾ ಅಂದಿರಲಿಲ್ಲ.

ಆಗ ತಿಳಿಯಿತು. ಅಗುಳಿ ತೆಗೆಯುತ್ತಿದ್ದ ಕೈ ಒಂದು ದಿನ ತೆಗೆದಿಲ್ಲ. ಯಾಕೆಂದು ಗೊತ್ತಿಲ್ಲ. ಅಪ್ಪನಿಗೆ ಗೊತ್ತಾಯಿತೋ, ಕೂಸು ತನಗೇ ಉಳಿಯಲಿ ಅಂತ ಇವಳಿಗೇ ಅನ್ನಿಸಿತೋ. ಆ ದಿನ ಯಾವುದು ಅಂತ ಈಗ ಇವಳೊಬ್ಬಳಿಗೇ ಗೊತ್ತು. ನನ್ನ ಹಲ್ಲಿಗೂ ಗೊತ್ತಿದೆಯೇ ಅಂತ ಹೆದರಿದ್ದಾಳೆ.

ಇಲ್ಲ, ಅಲ್ಲಿ ಗುಹೆ ಇದೆ ಅಂತ ಹೇಳಬಹುದಿತ್ತು. ಹೇಳಿದ್ದರೆ ಅವಳ ಎದೆ ಹಗುರಾಗುತ್ತಿತ್ತು. ಎಲ್ಲಾ ಹೇಳೈತಿ ಅಂತಲೂ ಅನ್ನಬಹುದಿತ್ತು. ಅಂದಿದ್ದರೆ ಅಲ್ಲೇ ಕುಸಿಯುತ್ತಿದ್ದಳು. ಎರಡೂ ಮಾತು ನಾಲಿಗೆಯ ತುದಿಗೆ ಬಂದವು. ನಾಲಿಗೆ ಮಾತ್ರ ಖಾಲಿ ಗುಂಡಿಯನ್ನು ದಾಟಿ ಮುಂದೆ ಬಂದು ಕೋರೆಹಲ್ಲಿಗೆ ತಾಗಿತು. ಗಟ್ಟಿಯಾಗಿತ್ತು. ನುಣ್ಣಗಿತ್ತು. ಅದರೊಳಗೆ ಅವ್ವ ಇನ್ನೂ ಎಷ್ಟು ಮಧ್ಯಾಹ್ನ ಬಂದು ಕೂತಿದ್ದಾಳೋ. ಅಗುಳಿ ತೆಗೆಯದ ಮೇಲೆ ಎಷ್ಟು ಹೊತ್ತು ಬಾಗಿಲು ತಟ್ಟಿದ್ದಾಳೋ, ಅದನ್ನು ಯಾವ ಹಲ್ಲೂ ಬರೆದಿಡುವುದಿಲ್ಲ.

ಕಾಗದ ಸುತ್ತಿ ಅಂಗಿಯ ಒಳಗಿಟ್ಟೆ.

"ಫಕೀರ್ಯಾ, ಹೇಳೋ. ಎಲ್ಲೀತನ ಹೇಳೈತಿ?"

ತೊಟ್ಟಿಲ ಪಕ್ಕ ಹಾದೆ. ಕೂಸು ನಿದ್ದೆಯಲ್ಲೇ ತುಟಿ ಚೀಪಿತು. ಮಗ್ಗದ ಕೋಣೆ ದಾಟಿ ಹಿತ್ತಲ ಬಾಗಿಲಿಗೆ ಬಂದೆ. ಅಗುಳಿಗೆ ತುಕ್ಕು ಹಿಡಿದಿತ್ತು. ಎರಡೂ ಕೈ ಹಚ್ಚಿ ಎಳೆದೆ. ಹೊರಗೆ ಬಿಸಿಲು ಹೊಸ್ತಿಲ ಮೇಲೆ ಬಿದ್ದಿತ್ತು, ನಡುವೆ ಒಬ್ಬರು ಕೂರುವಷ್ಟು ಜಾಗ ಸವೆದಿತ್ತು. ಅದನ್ನು ತುಳಿಯದೆ ದಾಟಿದೆ.

ಹಿಂದಿನಿಂದ ಅತ್ತಿ ಮೂರನೇ ಸಲ ಕೇಳಿದಳು. ನಾನು ಬಾಯಿ ಬಿಗಿಯಾಗಿ ಮುಚ್ಚಿಕೊಂಡು, ಅವ್ವ ಕೂಲಿ ಮಾಡಿದ ಜಿನ್ನಿನ ಹಾದಿ ಹಿಡಿದು ನಡೆದೆ.